ಆಟೋಪೈಲಟ್ಟನ್ನು ಅತಿಯಾಗಿ ನಂಬಿದರೆ ಅಪಾಯವಿದೆಯೇ?

ವಿಮಾನವನ್ನು ಬಹುಪಾಲು ಆಟೋಪೈಲಟ್ಟೇ ಹಾರಿಸುವುದಾದರೆ, ಯಂತ್ರವನ್ನು ಇಷ್ಟೊಂದು ನೆಚ್ಚಿಕೊಳ್ಳುವುದು ಸರಿಯೇ ಎಂದು ನೀವು ಕೇಳಿದ್ದೀರಿ. ನಾನು ಪೈಲಟ್ ಅಲ್ಲ. ವಿಮಾನ ಅಪಘಾತಗಳ ತನಿಖಾ ವರದಿಗಳನ್ನು ಆಸಕ್ತಿಯಿಂದ ಓದುತ್ತ ಬಂದವನು. ಯಂತ್ರ ಕೈಬಿಟ್ಟ ಗಳಿಗೆಯಲ್ಲಿ ಪೈಲಟ್‌ಗೆ ಕೈಯಾರೆ ಹಾರಿಸುವ ರೂಢಿ ತಪ್ಪಿರುವುದೇ ಎಲ್ಲಕ್ಕಿಂತ ದೊಡ್ಡ ಅಪಾಯವೆಂದು ಆ ಓದಿನಿಂದ ನನಗೆ ಮನವರಿಕೆಯಾಗಿದೆ.

ಪ್ರಯೋಜನದ ಬಗ್ಗೆ ನನಗೆ ಸಂದೇಹವಿಲ್ಲ. 29,000ದಿಂದ 41,000 ಅಡಿ ಎತ್ತರದ ನಡುವೆ ವಿಮಾನಗಳು ಒಂದರ ಮೇಲೊಂದು ಕೇವಲ 1,000 ಅಡಿ ಅಂತರದಲ್ಲಿ ಸಾಗುತ್ತವೆ. ಎತ್ತರವನ್ನು ಕರಾರುವಾಕ್ಕಾಗಿ ಕಾಯ್ದುಕೊಳ್ಳುವ ಸ್ವಯಂಚಾಲಿತ ವ್ಯವಸ್ಥೆ ಇಲ್ಲದ ವಿಮಾನಕ್ಕೆ ಅಲ್ಲಿ ಸಾಮಾನ್ಯವಾಗಿ ಪ್ರವೇಶವೇ ಇಲ್ಲ. ದೆಹಲಿಯ ಚಳಿಗಾಲದ ದಟ್ಟ ಮಂಜಿನಲ್ಲಿ ವಿಮಾನಗಳು ಇಳಿಯಲು ಸಾಧ್ಯವಾಗಿರುವುದೂ ಇಂತಹ ವ್ಯವಸ್ಥೆಯಿಂದಲೇ.

ಅಪಾಯವನ್ನು ಅರಿಯಲು ಏರ್ ಫ್ರಾನ್ಸ್ 447ರ ದುರಂತವನ್ನು ನೋಡಬೇಕು. 2009ರ ಜೂನ್ 1ರಂದು, ರಿಯೋ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಈ ಏರ್‌ಬಸ್ ಎ330 ಅಟ್ಲಾಂಟಿಕ್ ಮೇಲೆ 35,000 ಅಡಿ ಎತ್ತರದಲ್ಲಿದ್ದಾಗ, ವೇಗವನ್ನು ಅಳೆಯುವ ಪಿಟೋ ಕೊಳವೆಗಳಲ್ಲಿ ಹಿಮದ ಹರಳುಗಳು ಕಟ್ಟಿಕೊಂಡವು. ವೇಗದ ಅಂಕಿಗಳು ತಾಳೆಯಾಗದ ಕಾರಣ ಆಟೋಪೈಲಟ್ ತಾನಾಗಿಯೇ ಕಳಚಿಕೊಂಡಿತು. ಕೊಳವೆಗಳು ಒಂದು ನಿಮಿಷದೊಳಗೆ ಸರಿಹೋದವು. ವಿಮಾನದಲ್ಲಿ ಬೇರೆ ಯಾವ ದೋಷವೂ ಇರಲಿಲ್ಲ. ಆದರೆ ಕ್ಯಾಪ್ಟನ್ ವಿಶ್ರಾಂತಿಗೆ ಹೋಗಿದ್ದ ಆ ಹೊತ್ತಿನಲ್ಲಿ ಹಾರಾಟದ ಹೊಣೆ ಹೊತ್ತಿದ್ದ ಕೋ-ಪೈಲಟ್ ಮೂತಿಯನ್ನು ಮೇಲೆತ್ತಿದರು, ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಂಡು ವಿಮಾನ ಸ್ಟಾಲ್ ಆಯಿತು, ಮತ್ತು ಸುಮಾರು ನಾಲ್ಕೂವರೆ ನಿಮಿಷದಲ್ಲಿ 228 ಜನರೊಂದಿಗೆ ಸಮುದ್ರಕ್ಕೆ ಬಿತ್ತು. ಸ್ಟಾಲ್ ಎಚ್ಚರಿಕೆಯ ವರ್ತನೆಯಂತೂ ನನ್ನನ್ನು ಇಂದಿಗೂ ಕಲಕುತ್ತದೆ: ವೇಗದ ಅಂಕಿ 60 ನಾಟ್‌ಗಿಂತ ಕೆಳಗಿಳಿದಾಗ, ಎದುರುಗಾಳಿಗೆ ರೆಕ್ಕೆ ಎಷ್ಟು ಓರೆಯಾಗಿದೆ ಎಂಬ ಅಳತೆಯನ್ನು ಅಮಾನ್ಯವೆಂದು ಪರಿಗಣಿಸಿ ಕಂಪ್ಯೂಟರ್ ಎಚ್ಚರಿಕೆಯನ್ನೇ ನಿಲ್ಲಿಸುತ್ತಿತ್ತು, ಮೂತಿಯನ್ನು ತಗ್ಗಿಸುವ ಸರಿಯಾದ ಕೆಲಸ ಮಾಡಿದಾಗ ವೇಗದ ಅಂಕಿ ಏರಿ ಅದು ಮತ್ತೆ ಮೊಳಗುತ್ತಿತ್ತು. ಗಾಬರಿಯಲ್ಲಿದ್ದವರಿಗೆ ಇದಕ್ಕಿಂತ ದಾರಿ ತಪ್ಪಿಸುವ ಸೂಚನೆ ಇನ್ನೊಂದಿಲ್ಲ.

ಆ ಎತ್ತರದಲ್ಲಿ, ವೇಗದ ಮಾಹಿತಿ ನಂಬಲಾಗದಿದ್ದಾಗ ವಿಮಾನವನ್ನು ಕೈಯಾರೆ ನಿಭಾಯಿಸುವ ತರಬೇತಿ ಕೋ-ಪೈಲಟ್‌ಗಳಿಗೆ ಸಿಕ್ಕಿರಲಿಲ್ಲ ಎಂದು ಫ್ರಾನ್ಸಿನ ತನಿಖಾ ಸಂಸ್ಥೆ 2012ರ ಅಂತಿಮ ವರದಿಯಲ್ಲಿ ದಾಖಲಿಸಿತು. ಆದ್ದರಿಂದ ಅವರಿಬ್ಬರನ್ನೇ ದೂಷಿಸುವುದು ನನಗೆ ನ್ಯಾಯವೆನಿಸುವುದಿಲ್ಲ. ಸುಲಭದ ಕೆಲಸವನ್ನು ಯಂತ್ರಕ್ಕೆ ವಹಿಸಿದರೆ, ಅತ್ಯಂತ ಕಷ್ಟದ್ದು ಮಾತ್ರ ಅಭ್ಯಾಸ ತಪ್ಪಿದ ಮನುಷ್ಯನ ಪಾಲಿಗೆ ಉಳಿಯುತ್ತದೆಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಬರೆದಿದ್ದರು.

ಅಮೆರಿಕದ ವಿಮಾನಯಾನ ಆಡಳಿತ 2013ರಲ್ಲಿ, ಪರಿಸ್ಥಿತಿ ಅನುಕೂಲವಾಗಿದ್ದಾಗ ಪೈಲಟ್‌ಗಳಿಗೆ ಕೈಯಾರೆ ಹಾರಿಸಲು ಪ್ರೋತ್ಸಾಹ ನೀಡುವಂತೆ ವಿಮಾನ ಸಂಸ್ಥೆಗಳಿಗೆ ಸೂಚಿಸಿತು. ಇದು ಒಳ್ಳೆಯ ಹೆಜ್ಜೆಯೇ. ಆದರೆ ಎತ್ತರ ಕಾಯ್ದುಕೊಳ್ಳುವ ಸ್ವಯಂಚಾಲಿತ ವ್ಯವಸ್ಥೆ ಬೇಕೆಂದು ನಾನು ಮೇಲೆ ಹೇಳಿದ ನಿಯಮದಿಂದಾಗಿ, 447ರ ಪೈಲಟ್‌ಗಳು ಕಂಗೆಟ್ಟ ಆ ಎತ್ತರದಲ್ಲಿ ಪ್ರಯಾಣಿಕರನ್ನು ಹೊತ್ತು ಇಂತಹ ಅಭ್ಯಾಸ ಮಾಡಲು ಅವಕಾಶ ತೀರಾ ಕಡಿಮೆ. ಅದಕ್ಕೆ ಉಳಿದಿರುವುದು ಸಿಮ್ಯುಲೇಟರ್ ಒಂದೇ. ಅದರ ಪ್ರತಿ ಗಂಟೆಗೂ ಖರ್ಚಿದೆ. ಆ ಖರ್ಚಿನಲ್ಲಿ ಉಳಿತಾಯ ಮಾಡಲು ಯಾವ ವಿಮಾನ ಸಂಸ್ಥೆಗೂ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.