ತೋಟದ ನೆರಳಲ್ಲಿ ಫೋಟೋ ಮಸುಕು: ಹೊಸ ಕ್ಯಾಮೆರಾ ವಾಪಸ್ ಕೊಡಬೇಕಾ?

ಕ್ಯಾಮೆರಾ ಕೆಟ್ಟಿರಲಿಕ್ಕಿಲ್ಲ, ಬೆಳಕು ಸಾಲುತ್ತಿಲ್ಲ. ಹೊಸ ಪುಟ್ಟ ಕ್ಯಾಮೆರಾದಲ್ಲಿ ಕಾಫಿ ತೋಟದಲ್ಲಿ ತೆಗೆದದ್ದು ಮಸುಕು, ಮಡಿಕೇರಿಯ ರಾಜಾಸೀಟ್‌ನ ಮಂಜು ಬೂದು, ವಾಪಸ್ ಕೊಡಬೇಕಾ ಅಂತ ಕೇಳಿದ್ದೀರಿ. ಕಡಿಮೆ ಬೆಲೆಯ ಪುಟ್ಟ ಕ್ಯಾಮೆರಾಗಳ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಸಾಮಾನ್ಯವಾಗಿ ಸುಮಾರು 6 ಮಿಲಿಮೀಟರ್ ಅಗಲ, ಅಷ್ಟೇ. ಹಾಗಾಗಿ ಮರದಡಿ ಆಟೋ ಮೋಡ್ ಶಟರನ್ನು (ಬೆಳಕು ಒಳಬಿಡುವ ಬಾಗಿಲು) ಜಾಸ್ತಿ ಹೊತ್ತು ತೆರೆದಿಡುತ್ತದೆ. ಕೈ ಚೂರು ಅಲುಗಿದರೂ ಚಿತ್ರ ಹೋಯಿತು.

ಮೊದಲು ಮೆನುವಿನಲ್ಲಿ ಡಿಜಿಟಲ್ ಜೂಮ್ ಆಫ್ ಮಾಡಿ. ಅದು ಸುಮ್ನೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ. ಲೆನ್ಸೇ ಸರಿದು ಹತ್ತಿರ ತೋರಿಸುವ ಆಪ್ಟಿಕಲ್ ಜೂಮ್ ಕೂಡ ನೆರಳಲ್ಲಿ ಬೇಡ, ಎಳೆದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಹತ್ತಿರ ಹೋಗಿ. ಆಮೇಲೆ ಪ್ರೋಗ್ರಾಂ ಮೋಡ್‌ನಲ್ಲಿ (P ಗುರುತು) ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್, 400ಕ್ಕೆ ನಿಲ್ಲಿಸಿ, ಕ್ಯಾಮೆರಾವನ್ನು ಗೇಟಿನ ಕಂಬದ ಮೇಲಿಟ್ಟು 2 ಸೆಕೆಂಡ್ ಟೈಮರ್ ಹಾಕಿ. ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದೇ.

ಮಂಜಿಗೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +0.7 ಅಥವಾ +1 ಕೊಡಿ. ಬಿಳಿ ಜಾಸ್ತಿ ಕಂಡರೆ ಕ್ಯಾಮೆರಾ ತಾನೇ ಕಪ್ಪಾಗಿಸುತ್ತದೆ. ನಿಮ್ಮ ಮಾಡೆಲ್‌ನಲ್ಲಿ ಇದರ ಹೆಸರು ಬೇರೆ ಇರಬಹುದು, +/- ಗುರುತು ಹುಡುಕಿ.

ನಮ್ಮ ಮಳೆಗಾಲದ ಥಂಡಿಗೆ ಲೆನ್ಸ್ ಒಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಇದನ್ನು ಮರೆಯಬೇಡಿ.

ಹಗಲಿನ ಬೆಟ್ಟ, ಹಕ್ಕಿ, ದುಬಾರೆಯ ಆನೆಗೆ ಈ ಕ್ಯಾಮೆರಾದ ಆಪ್ಟಿಕಲ್ ಜೂಮ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸಂಜೆಯ ಮದುವೆಮನೆ ಫೋಟೋಗೆ ಮೊಬೈಲೇ ವಾಸಿ. ಮಧ್ಯಾಹ್ನದ ಬಿಸಿಲಲ್ಲಿ, ಗೋಡೆ ಮೇಲಿಟ್ಟು ತೆಗೆದರೂ ಮಸುಕು ಬಂದರೆ ಮಾತ್ರ ಲೆನ್ಸ್ ದೋಷ ಇರಬಹುದು. ವಾರಂಟಿ ಮುಗಿಯುವ ಮುಂಚೆ ಅಂಗಡಿಗೆ ಒಯ್ಯಿರಿ.