ಪ್ರತಿಕ್ರಿಯೆ: ಮುಂದಿದ್ದವನೇ ಯಾಕೆ ಸೋತ?

2022, 2023ರ ವಿಶ್ವ ಚಾಂಪಿಯನ್‌ಶಿಪ್‌ನ 1500 ಮೀಟರ್‌ನಲ್ಲಿ ನಾರ್ವೆಯ ಓಟಗಾರ ಇಂಗೆಬ್ರಿಗ್ಟ್‌ಸೆನ್ ಮುಂದಿದ್ದೂ ಯಾಕೆ ಸೋತ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಮುಂದಿದ್ದಿದ್ದೇ ತೊಂದರೆ. ಗಾಳಿ ಸೀಳುವ ಕೆಲಸ ಮುಂದಿನವನದು, ಹಿಂದಿನವನಿಗೆ ಅಷ್ಟು ಶಕ್ತಿ ಉಳಿತಾಯ. 2022ರಲ್ಲಿ ಯೂಜೀನ್‌ನಲ್ಲಿ ಬ್ರಿಟನ್ನಿನ ವೈಟ್‌ಮನ್, 2023ರಲ್ಲಿ ಬುಡಾಪೆಸ್ಟ್‌ನಲ್ಲಿ ಬ್ರಿಟನ್ನಿನವನೇ ಆದ ಜೋಶ್ ಕೆರ್, ಇಬ್ಬರೂ ಬೆನ್ನಿಗೇ ಇದ್ದು ಕೊನೆಯ 200 ಮೀಟರ್‌ಗೆ ನುಗ್ಗಿದರು. ಬುಡಾಪೆಸ್ಟ್‌ನಲ್ಲಿ ಕೆರ್ ಸಮಯ 3 ನಿಮಿಷ 29.38 ಸೆಕೆಂಡ್, ಇಂಗೆಬ್ರಿಗ್ಟ್‌ಸೆನ್‌ದು 3:29.65. ಹಾಗಂತ ಇಂಗೆಬ್ರಿಗ್ಟ್‌ಸೆನ್ ನಿಧಾನ ಓಡಿದರೂ ಕಷ್ಟ, ವೈಟ್‌ಮನ್ 800 ಮೀಟರ್ ಕೂಡ ಚೆನ್ನಾಗಿ ಓಡುವವ. ಕೊನೆಯ ವೇಗದ ನುಗ್ಗಾಟದಲ್ಲಿ ಅಂಥವರನ್ನು ಹಿಡಿಯೋದು ಸುಲಭ ಅಲ್ಲ. ಬುಡಾಪೆಸ್ಟ್‌ನಲ್ಲಿ ಗಂಟಲು ಸರಿ ಇರಲಿಲ್ಲ ಅಂತ ಇಂಗೆಬ್ರಿಗ್ಟ್‌ಸೆನ್ ಹೇಳಿದ್ದ ಕೂಡ. ಆದರೂ ಕೆಲವೇ ದಿನದಲ್ಲಿ 5000 ಮೀಟರ್ ಗೆದ್ದನಲ್ವಾ! ಹಿಂದಿದ್ದರೆ ಲಾಭ ಅನ್ನೋದಕ್ಕೆ ಅವನದೇ ಟೋಕಿಯೊ ಒಲಿಂಪಿಕ್ಸ್ 1500 ಮೀಟರ್ ಫೈನಲ್ ನೋಡಿ. ಓಟದ ಬಹುಪಾಲು ಕೀನ್ಯಾದ ಚೆರುಯೊಟ್ ಬೆನ್ನಿಗಿದ್ದು, ಕೊನೆಗೆ ದಾಟಿ 3:28.32ರಲ್ಲಿ ಚಿನ್ನ ಗೆದ್ದ.