ಸೊಸೆಯ ತಟ್ಟೆಯಲ್ಲಷ್ಟೇ ಹುಡುಕಿದರೆ ಸಾಲದು

ಓದುಗರ ಪತ್ರ: ಸೊಸೆಗೆ ಈಗ ಮೂರು ತಿಂಗಳು. ಹಣ್ಣು, ತರಕಾರಿಗಳಲ್ಲಿ ಕೀಟನಾಶಕದ ಅಂಶ ಉಳಿದಿರುತ್ತದೆಂದು ಓದಿ, ದ್ರಾಕ್ಷಿ, ಹೂಕೋಸು, ಸೊಪ್ಪುಗಳನ್ನೆಲ್ಲ ನಿಲ್ಲಿಸಿದ್ದೇವೆ. ನಮ್ಮ ಹತ್ತಿ ಹೊಲಕ್ಕೆ ಮಗನೇ ಎಣ್ಣೆ (ಕೀಟನಾಶಕ) ಹೊಡೆಯುವುದರಿಂದ ಅದರ ಉಗ್ರತೆ ನಮಗೆ ಗೊತ್ತು. ನಾವು ಮಾಡಿದ್ದು ಸರಿಯೇ? – ಓದುಗರೊಬ್ಬರು, ರಾಯಚೂರು ಜಿಲ್ಲೆ

ಸಂಪಾದಕರ ಉತ್ತರ: ಮಾನ್ಯರೇ, ಸೊಸೆಯ ಆರೋಗ್ಯದ ಬಗ್ಗೆ ಪತ್ರ ಬರೆಯುವ ಮಾವಂದಿರು ವಿರಳ, ಸಂತೋಷ. ಆದರೆ ಎಣ್ಣೆ ಹೊಡೆದು ಬಂದ ಮಗನ ಅಂಗಿಯನ್ನು ಒಗೆಯುವವರು ಯಾರೆಂದು ತಾವು ಬರೆಯಲಿಲ್ಲ. ಪಂಪಿನಿಂದ ಸೋರಿ ಅಂಗಿಯ ಬೆನ್ನಲ್ಲಿ ಒಣಗಿದ ದ್ರಾವಣ, ನೆನೆಸಿದ ಕೂಡಲೇ ಒಗೆಯುವವಳ ಕೈಗೆ ಹತ್ತುತ್ತದೆ. ಸೊಪ್ಪಿನಲ್ಲಿ ಉಳಿದಿರಬಹುದಾದ ಅಂಶಕ್ಕಿಂತ ನನಗೆ ಅದರದ್ದೇ ಹೆಚ್ಚು ಭಯ.

ತಮ್ಮ ಆತಂಕ ನಿರಾಧಾರವೇನಲ್ಲ. ಬಾಸ್ಟನ್ನಿನಲ್ಲಿ ಬಂಜೆತನದ ಚಿಕಿತ್ಸೆ ಪಡೆಯುತ್ತಿದ್ದ 325 ಮಹಿಳೆಯರ ಅಧ್ಯಯನದಲ್ಲಿ, ಹೆಚ್ಚು ಕೀಟನಾಶಕ ಉಳಿಯುವ ಹಣ್ಣು, ತರಕಾರಿಗಳನ್ನು ಹೆಚ್ಚಾಗಿ ತಿನ್ನುತ್ತಿದ್ದವರಲ್ಲಿ ಗರ್ಭ ನಿಲ್ಲುವ ಹಾಗೂ ಜೀವಂತ ಶಿಶು ಹುಟ್ಟುವ ಪ್ರಮಾಣ ಕಡಿಮೆಯಿತ್ತು. ಕೀಟನಾಶಕದಿಂದಲೇ ಹೀಗಾಯಿತೆಂದು ಆ ಅಧ್ಯಯನ ಸಾಬೀತುಪಡಿಸುವುದಿಲ್ಲ. ಹಣ್ಣು, ತರಕಾರಿ ಬಿಡಿ ಎಂದೂ ಹೇಳುವುದಿಲ್ಲ.

ಔಷಧಿಯಿಲ್ಲದೆ ಹತ್ತಿ ಉಳಿಯದೆಂಬ ರೈತರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಕೇರಳದ ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮವನ್ನು ನೆನೆದಾಗ ಆ ವಾದ ಮೆತ್ತಗಾಗುತ್ತದೆ. ಅಲ್ಲಿ ಸರ್ಕಾರದ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಕೆಳಗೆ ಮನೆ, ತೋಡು, ಕುಡಿಯುವ ನೀರಿಗಾಗಿ ಗುಡ್ಡ ಕೊರೆದ ಸುರಂಗಗಳು. ಮೊದಲು ದನಿಯೆತ್ತಿದವರು ಊರಿನ ವೈದ್ಯ ಡಾ. ಮೋಹನ ಕುಮಾರ್ ಮತ್ತು ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಬಾಲಕರ ರಕ್ತದಲ್ಲಿ ಎಂಡೋಸಲ್ಫಾನ್ ಇರುವುದನ್ನೂ ಅವರ ಲೈಂಗಿಕ ಪ್ರೌಢತೆ ತಡವಾಗುತ್ತಿರುವುದನ್ನೂ ಗುರುತಿಸಿದರು. ಆದರೂ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಗೇರುತೋಟಗಳ ಸುತ್ತಲಿನ ಕುಟುಂಬಗಳೂ ಅದೇ ಸಂಕಟವನ್ನು ಉಂಡಿವೆ. ಪುರಾವೆ ಸಾಲದೆಂದು ಹೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಪುರಾವೆ ಒದಗಿಸುವ ಹೊರೆ ಮಾತ್ರ ಪ್ರತಿ ಬಾರಿಯೂ ತಾಯಂದಿರ ತಲೆಯ ಮೇಲೆಯೇ ಏಕೆ?

ಡಬ್ಬಿಯ ಮೇಲಿನ ಬಣ್ಣದ ಗುರುತನ್ನೇ ನೋಡಿ. ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಂಗಡಿಸುವುದು ಎಷ್ಟು ಪ್ರಮಾಣ ಒಳಹೊಕ್ಕರೆ ಪ್ರಾಣ ಹೋಗುತ್ತದೆಂಬ ಲೆಕ್ಕದಲ್ಲಿ. ಗರ್ಭದಲ್ಲಿರುವ ಕೂಸಿನ ಮೇಲೆ ಅಲ್ಪ ಪ್ರಮಾಣವೂ ಏನು ಮಾಡೀತೆಂಬುದು ಆ ಬಣ್ಣದಲ್ಲಿ ಕಾಣದು. ಹಸಿರು ಕಂಡು ನಿಶ್ಚಿಂತರಾಗುವ ಬಸುರಿ ಕೂಲಿ ಹೆಣ್ಣುಮಗಳಿಗೆ ಇದನ್ನು ಹೇಳುವವರು ಯಾರು? ಕೃಷಿ ಇಲಾಖೆ ಇಳುವರಿಯ ಲೆಕ್ಕದಲ್ಲಿ ಮುಳುಗಿದೆ, ಆರೋಗ್ಯ ಇಲಾಖೆ ಕಬ್ಬಿಣದ ಮಾತ್ರೆ ಎಣಿಸುತ್ತದೆ.

ಸೊಪ್ಪು, ಹಣ್ಣುಗಳನ್ನು ಇಂದೇ ಮತ್ತೆ ಆರಂಭಿಸಿ. ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಗಿಡದೊಳಗೆ ಹೀರಿದ್ದು ಹೋಗದಿದ್ದರೂ ಮೇಲಿನದು ಸ್ವಲ್ಪಮಟ್ಟಿಗಾದರೂ ಹೋಗುತ್ತದೆ. ಮಗ ಹೊರಗೇ ಬಟ್ಟೆ ಬದಲಿಸಲಿ, ಮೀಯಲಿ, ಕೈಗವಸು ತೊಟ್ಟು ತನ್ನ ಬಟ್ಟೆಯನ್ನು ತಾನೇ ಬೇರೆಯಾಗಿ ಒಗೆಯಲಿ. ಮುಂದಿನ ತಪಾಸಣೆಗೆ ಹೋಗುವಾಗ ಹೊಲದಲ್ಲಿ ಬಳಸುವ ಔಷಧಿಗಳ ಹೆಸರನ್ನು ಬರೆದು ತಾಯಿ ಕಾರ್ಡಿನೊಂದಿಗೆ ವೈದ್ಯರಿಗೆ ಕೊಡಿ, ಅವರು ಕೇಳದಿದ್ದರೂ.